ಬೇರೆ ಮನೆಯ ಬುತ್ತಿ

ನಮ್ಮೂರಿನ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿದಾಗ ಮಕ್ಕಳು ತಮ್ಮ ತಮ್ಮ ಡಬ್ಬಿ ತೆರೆದರೆ ಒಳಗೆ ಇರುವುದು ಬೇರೆ ಮನೆಯ ಬುತ್ತಿ. ಡಬ್ಬಿ ಅದೇ, ಮುಚ್ಚಳದ ಮೇಲೆ ಮೊಳೆಯಿಂದ ಕೊರೆದ ಹೆಸರು ಅದೇ, ಬದಿಗೆ ಬಿದ್ದ ತಗ್ಗೂ ಅದೇ. ಬೆಳಿಗ್ಗೆ ತಾಯಿ ಹಾಕಿಕೊಟ್ಟ ರೊಟ್ಟಿ ಮಾತ್ರ ಅದರಲ್ಲಿ ಇರುವುದಿಲ್ಲ. ಅದು ಇನ್ಯಾವುದೋ ಮಗುವಿನ ಡಬ್ಬಿಗೆ ಹೋಗಿರುತ್ತದೆ. ಇವತ್ತು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ. ಯಾರಿಗೆ ಎಂದು ಹೇಳಲು ಬರುವುದಿಲ್ಲ. ನನ್ನ ತಾಯಿ ಶಾಲೆಗೆ ಹೋಗುವಾಗಲೂ ಹೀಗೇ ಇತ್ತು, ಅವಳ ತಾಯಿಯ ಕಾಲದಲ್ಲೂ. ಬಟ್ಟೆಯಲ್ಲಿ ಕಟ್ಟಿ ಕಳಿಸಿದರೂ ಅಷ್ಟೇ, ಎಲೆಯಲ್ಲಿ ಸುತ್ತಿ ಕಳಿಸಿದರೂ ಅಷ್ಟೇ. ದಾರಿಯಲ್ಲಿ ಬಿಚ್ಚಿ ನೋಡಿದರೆ ಬುತ್ತಿ ಹಳಸಿಹೋಗುತ್ತದೆ, ಆದ್ದರಿಂದ ಯಾರೂ ಬಿಚ್ಚುವುದಿಲ್ಲ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮಗುವನ್ನು ಶಾಲೆಗೆ ಹಾಕಿದ ಮೊದಲ ವರ್ಷ ಅಳುತ್ತಾರೆ, ಎರಡನೆಯ ವರ್ಷಕ್ಕೆ ಒಗ್ಗಿಕೊಳ್ಳುತ್ತಾರೆ.

ಇದರಿಂದ ನಮ್ಮೂರ ಹೆಂಗಸರ ಅಡುಗೆಗೆ ತನ್ನದೇ ಒಂದು ರೂಢಿ ಬಿದ್ದಿದೆ. ಹಾಲುಹಲ್ಲು ಬಿದ್ದ ಆರು ವರ್ಷದ ಮಗುವಿಗೂ ಅಗಿಯಲು ಬರಬೇಕು, ಹದಿಮೂರರ ಹುಡುಗನಿಗೂ ಹೊಟ್ಟೆ ತುಂಬಬೇಕು. ಖಾರ ಕಡಿಮೆ ಇರಬೇಕು, ಎಲುಬಾಗಲಿ ಮುಳ್ಳಾಗಲಿ ಇರಬಾರದು. ದಿನವೂ ಕಳಿಸಬೇಕಾದದ್ದು, ಆದ್ದರಿಂದ ಅಗ್ಗದ್ದೂ ಆಗಿರಬೇಕು. ಆದರೆ ಎಲ್ಲರೂ ಅಗ್ಗದ್ದನ್ನೇ ಹುಡುಕಿದರೆ ಜೋಳದ ಕಾಲದಲ್ಲಿ ಅರವತ್ತನಾಲ್ಕು ಡಬ್ಬಿಯಲ್ಲೂ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ನಾಲ್ಕನೆಯ ದಿನ ಮಕ್ಕಳು ಮುಚ್ಚಳ ತೆಗೆದವರು ಹಾಗೇ ಮುಚ್ಚಿಬಿಡುತ್ತಾರೆ. ಹೀಗಾಗಿ ಒಬ್ಬರ ಒಲೆಯ ಮೇಲೆ ಏನಿದೆ ಎಂಬುದು ಇನ್ನೊಬ್ಬರಿಗೆ ಗೊತ್ತಿರಬೇಕಾಗುತ್ತದೆ.

ಅದನ್ನು ಅವರು ನನ್ನಿಂದ ತಿಳಿದುಕೊಳ್ಳುತ್ತಿದ್ದರು. ನನ್ನ ಹೆಸರು ಕಸ್ತೂರಿ. ಊರ ಹಿಟ್ಟಿನ ಗಿರಣಿಯಲ್ಲಿ ಕೆಲಸ. ಕಾಳು ತೂಗುವುದು, ಜರಡಿ ಹಿಡಿಯುವುದು, ಸಂಜೆ ನೆಲ ಗುಡಿಸುವುದು. ಯಾವ ಮನೆಯವರು ಏನು ಬೀಸಿಸಿಕೊಂಡು ಹೋದರೆಂಬುದು ನನಗೆ ಬಾಯಿಪಾಠ. ಹೆಂಗಸರು ಚೀಲ ಇಳಿಸುತ್ತಲೇ ಕೇಳುವರು, "ಕಸ್ತೂರಿ, ಈ ವಾರ ಯಾರ್ಯಾರು ಏನೇನು ಒಯ್ದಾರ?" ನಾನು ಹೇಳುವೆ, "ಜ್ವಾಳ ಭಾಳ ಆಗೇತಿ. ನೀ ಸಜ್ಜಿ ರೊಟ್ಟಿ ಮಾಡು. ಇಲ್ಲಂದ್ರ ಕಡ್ಲಿಹಿಟ್ಟಿನ ಜುಣಕ ಮಾಡಿ ವಡಿ ಕೊಯ್ದು ಹಾಕು." ಒಬ್ಬಳಿಗೆ ಹೆಸರುಕಾಳಿನ ಉಸುಳಿ, ಒಬ್ಬಳಿಗೆ ಚುರುಮುರಿ ತೋಯಿಸಿ ಒಗ್ಗರಣೆ ಕೊಟ್ಟ ಸುಸಲಾ, ಇನ್ನೊಬ್ಬಳಿಗೆ ಬಿಸಿ ರೊಟ್ಟಿಗೆ ಬೆಳ್ಳುಳ್ಳಿ ಸೇರಿಸಿ ಕುಟ್ಟಿದ ಮುಟಗಿ. ಅಗ್ಗದ್ದರಲ್ಲೇ ಹತ್ತು ಬಗೆ ಹಂಚಿ ಕಳಿಸುತ್ತಿದ್ದೆ. ಊರ ಮಕ್ಕಳ ಊಟದ ಬಗ್ಗೆ ನನ್ನಷ್ಟು ತಿಳಿದವಳು ಇಲ್ಲ ಎಂಬ ಹೆಸರಿತ್ತು. ನನಗೂ ಹಾಗೇ ಅನ್ನಿಸುತ್ತಿತ್ತು.

ಆದರೆ ನನ್ನ ಮನೆಯಿಂದ ಹೋಗುವ ಡಬ್ಬಿಯ ಸಂಗತಿ ಬೇರೆ. ಗಿರಣಿಯ ಕಲ್ಲಿನ ಸುತ್ತ ಉದುರುವ ಹಿಟ್ಟು ಗುಡಿಸಿದವರಿಗೆ ಸೇರುತ್ತದೆ. ಜೋಳ, ಗೋಧಿ, ಕಡಲೆ, ಒಮ್ಮೊಮ್ಮೆ ಮೆಣಸಿನಪುಡಿ, ಎಲ್ಲ ಕಲೆತ ಬೂದುಬಣ್ಣದ ಹಿಟ್ಟು. ಅದರಲ್ಲಿ ನೆಲದ ಮರಳೂ ಇರುತ್ತದೆ. ಎಷ್ಟು ಸಾಣಿಸಿದರೂ ಪೂರ್ತಿ ಹೋಗುವುದಿಲ್ಲ. ನನ್ನ ಮಗಳು ಚಂಪಾ ಶಾಲೆಗೆ ಸೇರಿದಂದಿನಿಂದ ನಾಲ್ಕು ವರ್ಷ ನಾನು ಅವಳ ಡಬ್ಬಿಗೆ ಹಾಕಿದ್ದು ಆ ಹಿಟ್ಟಿನ ರೊಟ್ಟಿ. ಒಳ್ಳೆಯ ಹಿಟ್ಟು ಮನೆಯ ಊಟಕ್ಕೆ. ಡಬ್ಬಿಯದನ್ನು ಹೇಗೂ ಚಂಪಾ ತಿನ್ನುವುದಿಲ್ಲವಲ್ಲ. ಆಗಾಗ ಯಾವುದೋ ಮಗುವಿಗೆ ಕರಕರ ಎನ್ನುವ ರೊಟ್ಟಿ ಬರುತ್ತದಂತೆ, ಉಗುಳಿಬಿಡುತ್ತದಂತೆ ಎಂಬ ಮಾತು ಗಿರಣಿಗೂ ಬರುತ್ತಿತ್ತು. ಜರಡಿಯ ಸಪ್ಪಳದಲ್ಲಿ ಅದು ನನಗೆ ಕೇಳಿಸಲಿಲ್ಲ ಎನ್ನುವಂತೆ ನಾನು ಕೈ ಆಡಿಸುತ್ತಿದ್ದೆ.

ಆ ವರ್ಷ ಸುಗ್ಗಿಯ ರಜೆ ಮುಗಿದು ಶಾಲೆ ತೆರೆದ ಮೂರನೆಯ ದಿನ ಒಂದು ಡಬ್ಬಿ ಖಾಲಿ ಬಂತು. ಬಟ್ಟೆ ಅಂಗಡಿಯ ಗಿರಿಜಾಬಾಯಿಯ ಮಗ ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ, ತೊಳೆದು ಒರೆಸಿಟ್ಟಂತಿತ್ತು. ಯಾರೋ ಮರೆತಿರಬೇಕು ಎಂದುಕೊಂಡರು. ಅಕ್ಕಪಕ್ಕದ ಮಕ್ಕಳು ಒಂದೊಂದು ತುತ್ತು ಕೊಟ್ಟು ಅವನ ಹೊಟ್ಟೆ ತುಂಬಿಸಿದರು. ಮರುದಿನ ಬೇರೊಬ್ಬಳ ಡಬ್ಬಿ ಖಾಲಿ, ಅದರ ಮರುದಿನ ಇನ್ನೊಬ್ಬನದು. ದಿನಕ್ಕೆ ಒಂದು, ತಪ್ಪದೆ. ಯಾವುದೋ ಒಂದು ಮನೆಯಿಂದ ಬರಿಯ ಡಬ್ಬಿ ಬರುತ್ತಿದೆ, ಆ ಮನೆಯ ಮಗು ಮಾತ್ರ ದಿನವೂ ಉಣ್ಣುತ್ತಿದೆ ಎಂಬುದು ಎರಡು ವಾರದಲ್ಲಿ ಎಲ್ಲರಿಗೂ ತಿಳಿಯಿತು.

ಮಕ್ಕಳಿಗೆ ಅದೊಂದು ದೊಡ್ಡ ಸಂಗತಿ ಆಗಲಿಲ್ಲ. ಆದದ್ದು ತಾಯಂದಿರಿಗೆ. ಶಾಲೆಯ ಕಟ್ಟೆಯ ಮೇಲೆ ಎಲ್ಲರೂ ಸೇರಿದೆವು. ಗಿರಿಜಾಬಾಯಿ ಮೊದಲು ಮಾತಾಡಿದಳು. ಆಕೆಗೆ ಮಾತಾಡುವ ಹಕ್ಕಿತ್ತು. ತುಪ್ಪ ಸವರಿದ ಚಪಾತಿ, ಜೊತೆಗೊಂದು ಬಾಳೆಹಣ್ಣು, ಹಬ್ಬದ ಮರುದಿನ ಹೋಳಿಗೆ; ಯಾರದೋ ಮಗು ಉಣ್ಣಲಿ ಎಂದು ಆಕೆ ಅಷ್ಟು ಒಳ್ಳೆಯದನ್ನೇ ಕಳಿಸುತ್ತಿದ್ದಳು. ಅದರಲ್ಲಿ ಸುಳ್ಳಿಲ್ಲ.

"ಬಡತನ ಇದ್ರ ಗಂಜಿ ಹಾಕ್ಲಿ, ಬ್ಯಾಡ ಅನ್ನೂದಿಲ್ಲ," ಎಂದಳು. "ಬರೀ ಡಬ್ಬಿ ಕಳಿಸಿ ಮಂದಿ ಮಕ್ಕಳ ಊಟ ತಿನ್ನಸೂದು ಎಂಥಾ ನ್ಯಾಯ? ಯಾರು ಅಂತ ಗೊತ್ತಾಗೂತನಕ ಬಿಡಬಾರದು."

ಶಾಲೆಯ ಹಿರಿಯ ಅಕ್ಕೋರು ವತ್ಸಲಾ. ಮೂವತ್ತು ವರ್ಷದಿಂದ ಅಲ್ಲೇ ಕಲಿಸುವವರು, ಊರ ಅರ್ಧ ತಾಯಂದಿರಿಗೂ ಅವರೇ ಕಲಿಸಿದವರು. "ಒಂದು ಡಬ್ಬಿ ಖಾಲಿ ಅದ ಅಂದ್ರ ಒಂದು ಮನಿ ಖಾಲಿ ಅದ ಅಂತ ಅರ್ಥ," ಎಂದರು. "ಒಂದು ನಾಕು ದಿನ ತಡೀರಿ. ನಾ ವಿಚಾರ ಮಾಡ್ತೀನಿ."

"ವಿಚಾರ ಮಾಡಾಕ ಏನೈತ್ರಿ. ತೂಗಿ ನೋಡಿದ್ರ ಮುಗೀತು," ಎಂದಳು ಗಿರಿಜಾಬಾಯಿ. "ತೆರದ್ರ ಹಳಸ್ತೈತಿ, ತೂಗಿದ್ರ ಏನೂ ಆಗೂದಿಲ್ಲ. ಹಗುರ ಬಂದ ಡಬ್ಬಿ ಯಾರದೋ ಆ ಕೂಸು ಊಟದ ಹೊತ್ತಿಗೆ ಹೊರಗ ಕುಂದರ್ಲಿ."

ಎಲ್ಲರೂ ನನ್ನ ಕಡೆ ನೋಡಿದರು. ಊರಲ್ಲಿ ಒಳ್ಳೆಯ ತಕ್ಕಡಿ ಇದ್ದದ್ದು ಗಿರಣಿಯಲ್ಲಿ. "ನಾಳಿಂದ ನಾ ತರತೇನಿ," ಎಂದೆ. ಹಾಗೆ ಹೇಳುವಾಗ ನನಗೆ ಅಳುಕು ಇರಲಿಲ್ಲ. ಮರಳು ಕೂಡ ತೂಗುತ್ತದೆ.

ಮರುದಿನ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ತಕ್ಕಡಿ ತೂಗುಹಾಕಿ ನಿಂತೆ. ಡಬ್ಬಿಗಳೆಲ್ಲ ಸಂತೆಯ ಒಂದೇ ಅಂಗಡಿಯವು, ತೂಕ ಹೆಚ್ಚುಕಡಿಮೆ ಒಂದೇ. ಒಂದು ತಟ್ಟೆಯಲ್ಲಿ ಖಾಲಿ ಡಬ್ಬಿ ಇಟ್ಟೆ, ಇನ್ನೊಂದರಲ್ಲಿ ಮಕ್ಕಳು ಒಬ್ಬೊಬ್ಬರಾಗಿ ತಮ್ಮದನ್ನು ಇಟ್ಟರು. ದಿನವೂ ಗದ್ದಲ ಮಾಡುತ್ತ ಬರುವ ಮಕ್ಕಳು ಅಂದು ಸಾಲಿನಲ್ಲಿ ಪಿಟ್ಟೆನ್ನದೆ ನಿಂತಿದ್ದರು. ಊರಾಚೆಯ ಕಲ್ಲುಗಣಿಯ ಕಡೆಯಿಂದ ಬರುವ ಮಾಳವ್ವ ಎಂಬ ಎಂಟು ವರ್ಷದ ಹುಡುಗಿ ಇಟ್ಟಾಗ ತಟ್ಟೆ ಠಪ್ಪೆಂದು ಕೆಳಗೆ ಕೂತಿತು. "ಹೊಟ್ಟಿ ತುಂಬ ಹಾಕ್ಯಾರಲ್ಲವ್ವಾ," ಎಂದೆ. ಅವಳು ನನ್ನ ಮುಖ ನೋಡದೆ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಅರವತ್ತನಾಲ್ಕೂ ಡಬ್ಬಿ ತೂಗಿದೆ. ಒಂದೂ ಹಗುರ ಇರಲಿಲ್ಲ. ತಕ್ಕಡಿ ಎಂದರೆ ಕಳ್ಳರು ದಾರಿಗೆ ಬರುತ್ತಾರೆ ಎಂದು ಗಿರಿಜಾಬಾಯಿ ನಕ್ಕಳು. ನಾನೂ ನಕ್ಕೆ.

ಆವತ್ತು ಶಾಲೆ ಬಿಟ್ಟ ಮೇಲೆ ಚಂಪಾ ಗಿರಣಿಗೇ ಬಂದಳು. ಡಬ್ಬಿ ತೆರೆದು ನನ್ನ ಮುಂದಿನ ಮರದ ಹಲಗೆಯ ಮೇಲೆ ಬೋರಲು ಹಾಕಿದಳು. ಹಳೆಯ ಬಟ್ಟೆಯ ಚೂರಿನಲ್ಲಿ ಸುತ್ತಿದ ಐದು ಕಲ್ಲಿನ ಚಕ್ಕೆಗಳು ಬಿದ್ದವು. ಕೆಂಪು ಗೆರೆಯಿದ್ದ ಗಣಿಕಲ್ಲು. ನಮ್ಮೂರಲ್ಲಿ ಅದು ಒಂದೇ ಕಡೆ ಸಿಗುತ್ತದೆ.

"ಇವತ್ತ ನನ್ನ ಪಾಳಿ," ಎಂದಳು.

ನನ್ನ ಮೈ ಉರಿದುಹೋಯಿತು. "ಊಟಕ್ಕ ಏನು ಮಾಡಿದಿ?"

"ಎಲ್ಲಾರೂ ಒಂದೊಂದು ತುತ್ತು ಕೊಟ್ರು. ಮಾಳವ್ವ ಅರ್ಧಾ ಕೊಟ್ಟಳು. ಅಕಿ ದಿನಾ ಅರ್ಧಾ ಕೊಡ್ತಾಳ, ಖಾಲಿ ಡಬ್ಬಿ ಯಾರಿಗೆ ಬಂದಿರತೈತಿ ಅವರಿಗೆ."

"ಯಾಕ?"

ಚಂಪಾ ನನ್ನನ್ನು ದಡ್ಡರನ್ನು ನೋಡುವಂತೆ ನೋಡಿದಳು. "ಖಾಲಿ ಡಬ್ಬಿ ಅಕೀದ ಅಲ್ಲೇನವ್ವಾ. ನಮಗೆಲ್ಲಾ ಮೊದಲನೇ ದಿನದಿಂದ ಗೊತ್ತೈತಿ."

"ಗೊತ್ತಿದ್ರ ಹೇಳಬಾರದೇನ?"

"ನೀವು ಯಾರೂ ನಮ್ಮನ್ನ ಕೇಳಲಿಲ್ಲ. ತಕ್ಕಡಿ ತಂದ್ರಿ."

ಆಗ ನೆನಪಾಯಿತು. ಮಾಳವ್ವನ ತಾಯಿ ಹೆರಿಗೆಯಲ್ಲಿ ತೀರಿಕೊಂಡು ವರ್ಷದ ಮೇಲಾಗಿತ್ತು, ಕೂಸೂ ಉಳಿಯಲಿಲ್ಲ. ಆಮೇಲೆ ಅವಳ ತಂದೆ ಭೀಮಶಿಯ ಅಕ್ಕ ದ್ಯಾಮವ್ವ ಬಂದು ಮನೆ ನೋಡಿಕೊಂಡಿದ್ದಳು. ಗುರುವಾರಕ್ಕೊಮ್ಮೆ ಎರಡು ಸೇರು ಜೋಳ ಹೊತ್ತು ಗಿರಣಿಗೆ ಬರುತ್ತಿದ್ದವಳು ಅವಳೇ. ಸುಗ್ಗಿಯ ನಂತರ ಅವಳು ಬಂದಿರಲಿಲ್ಲ. ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂದು ಊರಿಗೆಲ್ಲ ಹೇಳುವ ನಾನು, ಒಂದು ಮನೆಯಿಂದ ಕಾಳೇ ಬರುತ್ತಿಲ್ಲ ಎಂಬುದನ್ನು ಆರು ವಾರ ಗಮನಿಸಿರಲಿಲ್ಲ.

ಆದರೂ ಸಿಟ್ಟು ಇಳಿಯಲಿಲ್ಲ. ಕಲ್ಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊತ್ತು ಇರುವಾಗಲೇ ಗಣಿಯ ಕಡೆ ನಡೆದೆ. ಭೀಮಶಿಯ ಮನೆ ಊರಿನಿಂದ ಆಚೆ, ಒಡೆದ ಕಲ್ಲಿನ ಗುಡ್ಡೆಗಳ ನಡುವೆ ಇದೆ. ಅವನು ಆಗತಾನೆ ಕೆಲಸದಿಂದ ಬಂದು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದ. ತಲೆಗೂದಲು, ಹುಬ್ಬು, ಕಿವಿ ಎಲ್ಲ ಕಲ್ಲುಪುಡಿ. ಹೊಸ್ತಿಲ ಮೇಲೆ ಕೂತಿದ್ದ ಮಾಳವ್ವ ನನ್ನನ್ನು ನೋಡಿ ಎದ್ದು ಒಳಗೆ ಹೋದಳು.

"ನಿಮ್ಮ ಮನಿ ಬುತ್ತಿ ತಿರುಗಿ ತಂದೇನಿ," ಎಂದು ಸೆರಗು ಬಿಚ್ಚಿ ಸುರಿದೆ.

ಭೀಮಶಿ ಒಂದು ಚಕ್ಕೆ ಎತ್ತಿ ತಿರುಗಿಸಿ ನೋಡಿದ. "ಇದು ನಮ್ಮ ಗಣಿ ಕಲ್ಲು."

"ಹೌದು. ಇವತ್ತ ನನ್ನ ಮಗಳ ಡಬ್ಬ್ಯಾಗ ಬಂದ ಊಟ ಅದು."

ಅವನು ಬಾಗಿಲ ಕಡೆ ತಿರುಗಿದ. ಕರೆಯಲಿಲ್ಲ. ಒಳಗಿನಿಂದ ಮಾಳವ್ವನ ದನಿ ಬಂತು. "ಹಗುರ ಬಂದ್ರ ಹೊರಗ ಕುಂದರಸ್ತಾರಂತ ಹೇಳಿದ್ರು, ಅಪ್ಪಾ. ಅದಕ್ಕ ಹಾಕಿದೆ. ಚಂಪಾಗ ಹೋಗತೈತಿ ಅಂತ ನನಗ ಗೊತ್ತಿರಲಿಲ್ಲ."

ಭೀಮಶಿ ಅಲ್ಲೇ ಕಲ್ಲಿನ ಮೇಲೆ ಕೂತ. ನನಗೇನೂ ಗೊತ್ತಿಲ್ಲ ಎಂದು ಅವನು ಹೇಳುತ್ತಾನೆ, ಆಗ ಜಗಳ ತೆಗೆಯಬೇಕು ಎಂದು ನಾನು ಕಾದಿದ್ದೆ. ಅವನು ಹಾಗೆ ಹೇಳಲಿಲ್ಲ.

"ಕಲ್ಲಿನ ಸುದ್ದಿ ಗೊತ್ತಿರಲಿಲ್ಲ, ತಂಗೆವ್ವಾ. ಡಬ್ಬಿ ಖಾಲಿ ಹೋಗತಿತ್ತು ಅಂತ ಗೊತ್ತಿತ್ತು," ಎಂದ. "ಅಕ್ಕ ತನ್ನ ಮನಿಗೆ ಹ್ವಾದಳು. ಅಕಿಗೂ ಮನಿ ಮಾರು ಐತಿ. ನಾ ಗಣ್ಯಾಗ ಕೊಟ್ಟದ್ದು ಉಣ್ತೇನಿ, ಸಂಜಿಕ ಎರಡು ರೊಟ್ಟಿ ಕೂಸಿಗೂ ತರತೇನಿ. ಮುಂಜಾನಿ ಡಬ್ಬಿಗೆ ಏನು ಹಾಕೂದು ತಿಳೀಲಿಲ್ಲ. ಬರೇದ ಕೊಟ್ಟು ಕಳಿಸಿದೆ. ಸಂಜಿಕ ಕೂಸು ಬಂದು, ಅಪ್ಪಾ, ಇವತ್ತ ಸಿಹಿ ಮಾದಲಿ ಬಂದಿತ್ತು ಅಂತು. ನನ್ನ ಕೂಸು ಉಂಡತಲ್ಲ, ಆತು ಅಂದಕೊಂಡೆ. ಆ ಕಡಿ ಯಾರದು ಖಾಲಿ ಆತು ಅಂತ ನಾ ನೋಡಾಕ ಹೋಗಲಿಲ್ಲ."

"ಒಲಿ ಇಲ್ಲೇನ ಮನ್ಯಾಗ?"

"ಐತಿ. ಅದರ ಮುಂದ ಕುಂತ್ರ ಕೂಸಿನ ಅವ್ವನ ಜಾಗಾದಾಗ ಕುಂತಂಗ ಆಗತೈತಿ. ಎದ್ದುಬಿಡ್ತೇನಿ."

ತೆರೆದ ಬಾಗಿಲಿನಿಂದ ಒಲೆ ಕಾಣುತ್ತಿತ್ತು. ಯಾರೋ ಸಾರಿಸಿ ಒಣಗಿಸಿ ಮೇಲೆ ತಟ್ಟೆ ಮುಚ್ಚಿಟ್ಟಿದ್ದರು. ನನ್ನ ಬಾಯಲ್ಲಿ ಮಾತು ಸಿದ್ಧವಿತ್ತು; ಬೇರೆಯವರ ಮಕ್ಕಳು ಮಕ್ಕಳಲ್ಲವೇ ಎಂದು ಕೇಳುವುದಿತ್ತು. ಅದನ್ನು ಕೇಳಲು ಆಗಲಿಲ್ಲ. ನನ್ನ ಕೂಸು ತಿಂದರೆ ಆಯಿತು, ಆ ಕಡೆ ನೋಡುವುದು ಬೇಡ. ಈ ಲೆಕ್ಕದ ಮೇಲೆಯೇ ಅಲ್ಲವೇ ನಾನು ನಾಲ್ಕು ವರ್ಷ ಬೆಳಿಗ್ಗೆ ಎದ್ದು ಬೂದು ಹಿಟ್ಟು ನಾದಿದ್ದು. ಅವನ ಮನೆಯಲ್ಲಿ ಹೆಣ್ಣಿರಲಿಲ್ಲ, ಕಾಳಿರಲಿಲ್ಲ. ನನ್ನ ಮನೆಯಲ್ಲಿ ಎಲ್ಲ ಇತ್ತು. ತಿರುಗಿ ಬಂದೆ. ಬರುವ ದಾರಿಯಲ್ಲಿ ಹಲ್ಲು ಕಚ್ಚಿದರೆ ಮರಳು ಸಿಕ್ಕಂತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಮತ್ತೆ ಎಲ್ಲರೂ ಸೇರಿದ್ದರು. ಕಲ್ಲಿನ ಸುದ್ದಿ ಮನೆಮನೆಗೂ ಹೋಗಿತ್ತು. ಭೀಮಶಿ ಮಗಳ ಕೈ ಹಿಡಿದು ಬಾಗಿಲ ಹತ್ತಿರ ನಿಂತಿದ್ದ. ಅವನು ಗಣಿಗೆ ಹೋಗದೆ ಬಂದದ್ದನ್ನು ಯಾರೂ ಗಮನಿಸಲಿಲ್ಲ.

"ಇವತ್ತ ಕಲ್ಲು ಹಾಕಿದ ಕೂಸು ನಾಳೆ ಏನರ ಹಾಕತೈತಿ," ಎಂದಳೊಬ್ಬಳು. "ಸಣ್ಣ ಮಗು ಬಾಯಿಗೆ ಇಟ್ಟಕೊಂಡಿದ್ರ?"

"ತಪ್ಪು ನಂದು, ಕೂಸಿಂದಲ್ಲ," ಎಂದ ಭೀಮಶಿ. ಅವನ ಮಾತು ಕಲ್ಲುಪುಡಿಯಂತೆ ಉದುರಿ ಕೆಳಗೆ ಬಿತ್ತು, ಯಾರೂ ಎತ್ತಿಕೊಳ್ಳಲಿಲ್ಲ.

ಗಿರಿಜಾಬಾಯಿ ಅಕ್ಕೋರ ಕಡೆ ತಿರುಗಿದಳು. "ಆ ಹುಡುಗಿ ಊಟದ ಸಾಲಿನ್ಯಾಗ ಕುಂದರೂದು ಬ್ಯಾಡ್ರಿ. ಬೇಕಾದ್ರ ನಾ ಬ್ಯಾರೆ ತಟ್ಟ್ಯಾಗ ಕಳಿಸಿ ಕೊಡ್ತೇನಿ, ಹೊರಗ ಕುಂತು ಉಣ್ಲಿ." ಆಕೆ ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಮಾಳವ್ವ ತಂದೆಯ ಕೈ ಬಿಟ್ಟು ಅವನ ಹಿಂದಕ್ಕೆ ಸರಿದಳು.

ನಾನು ತಕ್ಕಡಿ ಹಿಡಿದು ನಿಂತಿದ್ದೆ. ನೆಲದ ಮೇಲೆ ಇಟ್ಟೆ. "ಕಲ್ಲು ಹಾಕಿದವರನ್ನ ಹೊರಗ ಕುಂದರಸೂದಾದ್ರ ಚಂಪಾನ ಮೊದಲ ಕುಂದರಸ್ರಿ," ಎಂದೆ. "ನಾ ನಾಕು ವರ್ಷದಿಂದ ಹಾಕೇನಿ. ಕರಕರ ರೊಟ್ಟಿ ನಂದು. ಗಿರಣಿ ನೆಲ ಗುಡಿಸಿದ ಹಿಟ್ಟು. ಚಲೋ ಹಿಟ್ಟು ಮನ್ಯಾಗ ಇತ್ತು, ಮನಿಗೆ ಇಟ್ಟಕೊಂಡೆ."

ಒಬ್ಬ ಮುದುಕಿ, ಮೊಮ್ಮಗನನ್ನು ಬಿಡಲು ಬಂದವಳು, ಪಕ್ಕಕ್ಕೆ ತಿರುಗಿ ಉಗುಳಿದಳು. ಗಿರಿಜಾಬಾಯಿ ನನ್ನ ಕಡೆ ತಿರುಗಿದಳು.

"ನನ್ನ ಮಗ ಎಷ್ಟು ಸಲ ತಿಂದಾನ?"

"ಗೊತ್ತಿಲ್ಲ."

"ಅಂವಗ ಎರಡು ವರ್ಷದ ಹಿಂದ ಹಲ್ಲು ಮುರದಿತ್ತು. ಊಟ ಮಾಡೂ ಮುಂದ."

"ಗೊತ್ತಿರಲಿಲ್ಲ," ಎಂದೆ.

ಮಕ್ಕಳ ಗುಂಪಿನಲ್ಲಿ ಚಂಪಾ ಇದ್ದಳು. ಅವಳ ಕಡೆ ನೋಡಬಾರದೆಂದುಕೊಂಡರೂ ಕಣ್ಣು ಹೋಯಿತು. ಅವಳು ತನ್ನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಚ್ಚಳವನ್ನೇ ನೋಡುತ್ತಿದ್ದಳು. ಅಂದೂ ಅದರಲ್ಲಿ ಇದ್ದದ್ದು ಅದೇ ರೊಟ್ಟಿ. ನಾನು ಎದ್ದಾಗ ಮನೆಯಲ್ಲಿ ಬೇರೆ ಹಿಟ್ಟು ನಾದಲು ಸಮಯವಿತ್ತು, ಕೈ ರೂಢಿಯ ಮೇಲೆ ಬೂದು ಹಿಟ್ಟಿನ ಡಬರಿಗೇ ಹೋಗಿತ್ತು. ಚಂಪಾ ಸಾಲಿನಿಂದ ಹೊರಬಂದು, ಡಬ್ಬಿ ತೆರೆದು, ರೊಟ್ಟಿಯನ್ನು ಕಟ್ಟೆಯ ಕೆಳಗೆ ನಿಂತಿದ್ದ ಆಡಿಗೆ ಹಾಕಿ, ಬರಿಯ ಡಬ್ಬಿ ಹಿಡಿದು ಸಾಲಿಗೆ ಮರಳಿದಳು. ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ.

ವತ್ಸಲಾ ಅಕ್ಕೋರು ಕಟ್ಟೆಯಿಂದ ಇಳಿದು ಬಂದು ತಕ್ಕಡಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಇದನ್ನ ಗಿರಣಿಗೆ ಒಯ್ಯಿ, ಕಸ್ತೂರಿ. ಇಲ್ಲೆ ಬ್ಯಾಡ." ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು, "ಮಾಳವ್ವ ಒಳಗ ಕುಂದರ್ತಾಳ. ಚಂಪಾನೂ ಒಳಗ ಕುಂದರ್ತಾಳ. ಒಪ್ಪದವರು ತಮ್ಮ ಮಕ್ಕಳನ್ನ ಊಟಕ್ಕ ಮನಿಗೆ ಕರಕೊಂಡು ಹೋಗ್ರಿ. ಅದಕ್ಕ ನಾ ಏನೂ ಅನ್ನೂದಿಲ್ಲ."

ಮರುದಿನ ಹದಿಮೂರು ಡಬ್ಬಿ ಬರಲಿಲ್ಲ. ಆ ಮಕ್ಕಳು ಮಧ್ಯಾಹ್ನ ಮನೆಗೆ ಹೋಗಿ ತಮ್ಮ ತಾಯಿ ಮಾಡಿದ್ದನ್ನು ತಾವೇ ಉಂಡು ಬಂದರು. ಅವರಲ್ಲಿ ಕೆಲವರು ತಿಂಗಳೊಳಗೆ ಮತ್ತೆ ಡಬ್ಬಿ ತಂದರು, ಕೆಲವರು ತರಲೇ ಇಲ್ಲ. ಗಿರಿಜಾಬಾಯಿ ಗಿರಣಿಗೆ ಬರುವುದನ್ನು ಬಿಟ್ಟಳು. ಈಗಲೂ ಪಕ್ಕದ ಊರಿಗೆ ಆಳು ಕಳಿಸಿ ಬೀಸಿಸಿಕೊಳ್ಳುತ್ತಾಳೆ, ಎದುರಿಗೆ ಸಿಕ್ಕರೆ ದಾರಿ ಬದಲಿಸುತ್ತಾಳೆ. ಆದರೆ ಆಕೆಯ ಮನೆಯ ಡಬ್ಬಿ ಶಾಲೆಗೆ ಹೋಗುವುದು ಒಂದು ದಿನವೂ ತಪ್ಪಲಿಲ್ಲ, ಚಪಾತಿಗೆ ತುಪ್ಪವೂ ತಪ್ಪಲಿಲ್ಲ ಎಂದು ಮಕ್ಕಳು ಹೇಳುತ್ತಾರೆ.

ನಾನು ಉದುರು ಹಿಟ್ಟನ್ನು ಆಡುಗಳಿಗೆ ಹಾಕತೊಡಗಿದೆ. ಒಳ್ಳೆಯ ಹಿಟ್ಟಿನಲ್ಲಿ ಮೊದಲ ಮುಷ್ಟಿ ಡಬ್ಬಿಗೆ ತೆಗೆದೆ. ಸಂಜೆಯ ರೊಟ್ಟಿ ಒಂದೊಂದು ಕಡಿಮೆಯಾಯಿತು. ನನ್ನ ಗಂಡ ರಾಚಪ್ಪನಿಗೆ ನಡೆದದ್ದೆಲ್ಲ ಹೇಳಿ, ಭೀಮಶಿಗೆ ಅಡುಗೆ ಕಲಿಸಬೇಕು ಎಂದೆ. ಅವನು ಬೀಡಿ ಕೆಳಗಿಟ್ಟು ಯೋಚಿಸಿದ. "ಹೆಣ್ಣಿಲ್ಲದ ಮನಿ. ಮಂದಿ ಬಾಯಿ ಹಿಡಿಯಾಕ ಆಗೂದಿಲ್ಲ. ನಾನೂ ಬರತೇನಿ," ಎಂದ. ಇಟ್ಟಂಗಿ ಭಟ್ಟಿಗೆ ಹೋಗುವ ಮೊದಲು ಅವನು ಭೀಮಶಿಯ ಅಂಗಳದ ಕಲ್ಲಿನ ಮೇಲೆ ಕೂತಿರುತ್ತಿದ್ದ, ನಾನು ಬಾಗಿಲು ತೆರೆದಿಟ್ಟು ಒಳಗೆ ಕಲಿಸುತ್ತಿದ್ದೆ.

ಮೊದಲ ದಿನ ಭೀಮಶಿ ಒಲೆಯ ಮುಂದೆ ಕೂರಲಿಲ್ಲ. ನಿಂತೇ ನೋಡಿದ. ಎರಡನೆಯ ದಿನ ಒಲೆಯನ್ನು ಎತ್ತಿ ಇನ್ನೊಂದು ಗೋಡೆಯ ಬದಿಗೆ ಇಟ್ಟೆವು. ಆಗ ಕೂತ. ಕಲ್ಲಿನಲ್ಲಿ ಗೆರೆ ಎಲ್ಲಿ ಓಡುತ್ತದೆಂದು ಕಣ್ಣು ಮುಚ್ಚಿ ಹೇಳುವ ಮನುಷ್ಯನಿಗೆ ಹಿಟ್ಟಿನ ಹದ ತಿಳಿಯಲು ವಾರ ಹಿಡಿಯಿತು. ರೊಟ್ಟಿ ಬಡಿದರೆ ಅಂಚು ಸೀಳುತ್ತಿತ್ತು, ಎತ್ತಿದರೆ ನಡುವೆ ಹರಿಯುತ್ತಿತ್ತು. ಅಷ್ಟು ದಿನ ಅವಲಕ್ಕಿ, ಉಸುಳಿ, ನುಚ್ಚು ಎಂದು ನಾನೇ ಮಾಡಿ ಮಾಳವ್ವನ ಡಬ್ಬಿಗೆ ಹಾಕಿ ಕಳಿಸಿದೆ. ಒಂದು ಕೆಲಸ ಮಾತ್ರ ಅವನು ಯಾರೂ ಹೇಳದೆ ಮಾಡಿದ. ಬೇಳೆ ಇರಲಿ, ಕಾಳು ಇರಲಿ, ಮೊರದಲ್ಲಿ ಹರವಿ ಬೆಳಕಿಗೆ ಹಿಡಿದು ಮೂರು ಸಲ ಆರಿಸುತ್ತಿದ್ದ. ಸಾಸಿವೆಯಷ್ಟು ಕಲ್ಲು ಸಿಕ್ಕರೂ ಅಂಗಳದಾಚೆ ಒಯ್ದು ಎಸೆಯುತ್ತಿದ್ದ.

"ಉಪ್ಪು ಯಾರ ಬಾಯಿಗೆ ಅಂತ ಹಾಕೂದು?" ಎಂದು ಒಮ್ಮೆ ಕೇಳಿದ. "ಕೂಸಿನ ಬಾಯಿ ರುಚಿ ನನಗ ಗೊತ್ತು. ಮಂದೀದು ಗೊತ್ತಿಲ್ಲ."

"ಮಾಳವ್ವಗ ಹಾಕಿದಂಗ ಹಾಕು."

"ತಪ್ಪಿದ್ರ?"

"ತಪ್ಪಿದ್ರ ಅವರು ನೀರು ಕುಡೀತಾರ," ಎಂದೆ. ಮಾಳವ್ವ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ.

ಎಂಟನೆಯ ದಿನ ಅವನು ಪೂರ್ತಿ ತಾನೇ ಮಾಡಿದ. ಜೋಳದ ರೊಟ್ಟಿ ಎರಡು, ಹೆಸರುಕಾಳಿನ ಪಲ್ಯ, ಮೂಲೆಯಲ್ಲಿ ಒಂದು ಚೂರು ಬೆಲ್ಲ. ನಾನು ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದೆ, ನೆರವಿಗೆ ಹೋಗಲಿಲ್ಲ. ರೊಟ್ಟಿ ದಪ್ಪವಾಗಿತ್ತು, ಅಲ್ಲಲ್ಲಿ ಕಪ್ಪಾಗಿತ್ತು. ಮುಚ್ಚಳ ಹಾಕುವ ಮೊದಲು ಅವನು ಬಹಳ ಹೊತ್ತು ಅದನ್ನು ನೋಡಿದ. ಮಾಳವ್ವ ಡಬ್ಬಿಯನ್ನು ತೂಗಾಡಿಸದೆ ಎದೆಗೆ ಒತ್ತಿಕೊಂಡು ಶಾಲೆಗೆ ಹೋದಳು.

ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಭೀಮಶಿ ಗಿರಣಿಯ ಬಾಗಿಲಿಗೆ ಬಂದ. ಅರ್ಧ ದಿನದ ರಜೆ ಕೇಳಿಕೊಂಡು ಬಂದಿದ್ದನಂತೆ. "ಸಾಲಿ ತನಕ ಬರತೀಯೇನು, ತಂಗೆವ್ವಾ?" ಎಂದ. ಒಬ್ಬನೇ ಹೋಗಲು ಅವನಿಗೆ ಧೈರ್ಯ ಸಾಲದೆಂದು ಕಂಡಿತು. ಕೈ ಒರೆಸಿಕೊಂಡು ಹೊರಟೆ.

ಶಾಲೆಯ ಗೋಡೆ ಎದೆಯೆತ್ತರ ಇದೆ. ನಾವು ಅದರ ಹೊರಗೆ ನಿಂತೆವು. ಗಂಟೆ ಬಾರಿಸಿತು. ಮಕ್ಕಳು ಬೇವಿನ ನೆರಳಿನಲ್ಲಿ ಸಾಲಾಗಿ ಕೂತು ಮುಚ್ಚಳ ತೆಗೆದರು. ಭೀಮಶಿ ತನ್ನ ಮಗಳ ಕಡೆ ನೋಡಲೇ ಇಲ್ಲ. ಈ ಕೊನೆಯಿಂದ ಆ ಕೊನೆಗೆ ಒಂದೊಂದೇ ಡಬ್ಬಿಯ ಮೇಲೆ ಕಣ್ಣು ಹಾಯಿಸುತ್ತ ಹೋದ. ನಾವು ನಿಂತಲ್ಲಿಂದ ಒಳಗೆ ಏನಿದೆ ಎಂಬುದು ಕಾಣುವಂತಿರಲಿಲ್ಲ, ಬರಿಯ ಕೈ ಮತ್ತು ಬಾಯಿ ಕಾಣುತ್ತಿದ್ದವು.

ಸಾಲಿನ ತುದಿಯಲ್ಲಿ ಒಬ್ಬ ಸಣ್ಣ ಹುಡುಗ, ಮುಂದಿನ ಎರಡು ಹಲ್ಲು ಇಲ್ಲದವನು, ಏನನ್ನೋ ಎರಡೂ ಕೈಯಿಂದ ಹಿಡಿದು ಜಗ್ಗುತ್ತಿದ್ದ. ಅದು ಮುರಿಯುತ್ತಿರಲಿಲ್ಲ. ಭೀಮಶಿ ಗೋಡೆ ಹಿಡಿದು ಮುಂದೆ ಬಾಗಿದ.

"ಅದು ನಂದ ಇರಬೇಕು."

"ಇರಬಹುದು. ಬ್ಯಾರೆಯವರದೂ ಇರಬಹುದು."

"ನಂದ. ಗಟ್ಟಿ ಆಗಿತ್ತು. ನನಗ ಕಟ್ಟೂ ಮುಂದ ಗೊತ್ತಾತು."

ಹುಡುಗ ಅದನ್ನು ದವಡೆಗೆ ಸಿಕ್ಕಿಸಿ ಎಳೆದ. ಒಂದು ಚೂರು ಕಿತ್ತು ಬಂತು. ಅವನು ಕಣ್ಣು ಮುಚ್ಚಿ ಅದನ್ನು ಬಹಳ ಹೊತ್ತು ಅಗಿದ. ನಾನು ನೋಡುತ್ತಿದ್ದಂತೆ ಭೀಮಶಿಯ ದವಡೆಯೂ ಅವನ ಜೊತೆ ಆಡುತ್ತಿತ್ತು. ಹುಡುಗ ನುಂಗಿದ, ನೀರು ಕುಡಿದ, ಮತ್ತೆ ಇನ್ನೊಂದು ಚೂರಿಗೆ ಜಗ್ಗಿದ.

"ಯಾರ ಮಗ ಅಂವ?" ಎಂದು ಕೇಳಿದ ಭೀಮಶಿ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ಬ್ಯಾಡ, ಹೇಳಬ್ಯಾಡ," ಎಂದ.

ಮಕ್ಕಳು ಎದ್ದು ನಲ್ಲಿಯ ಕಡೆ ಹೋಗುವವರೆಗೂ ನಾವು ನಿಂತಿದ್ದೆವು. ಆಮೇಲೆ ತಿರುಗಿ ನಡೆದೆವು. ಊರ ಹೊರಗೆ ದಾರಿಯ ಬದಿಗೆ ಒಂದು ನುಗ್ಗೆ ಗಿಡವಿದೆ, ಯಾರದೂ ಅಲ್ಲ. ಭೀಮಶಿ ಅದರ ಕೆಳಗೆ ನಿಂತು ಮೇಲೆ ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ನೆಲದ ಮೇಲೆ ಹಾಸಿದ. ಕೈ ಚಾಚಿ ಒಂದು ಕೊಂಬೆ ಬಗ್ಗಿಸಿ, ಬಲಿತ ಎಲೆಗಳನ್ನು ಬಿಟ್ಟು, ತುದಿಯ ಎಳೆಯ ಚಿಗುರನ್ನಷ್ಟೇ ಚಿವುಟಿ ಟವೆಲಿಗೆ ಹಾಕತೊಡಗಿದ. ಒಂದೊಂದು ಎಸಳನ್ನೂ ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಮಾತ್ರ ಇಟ್ಟುಕೊಳ್ಳುತ್ತಿದ್ದ. ಅವನ ಒಂದು ಕೈ ಕೊಂಬೆ ಹಿಡಿಯಲು ಬೇಕಾಗುತ್ತಿತ್ತು, ಕೆಲಸ ನಿಧಾನವಾಗುತ್ತಿತ್ತು. ನಾನು ಹೋಗಿ ಕೊಂಬೆ ಹಿಡಿದು ನಿಂತೆ.